ನೇರಳೆ ಲವಣಕ್ಕಾಗಿ 14 ವರ್ಷ ಕಾದ ವರ್ನರ್

ಪಿಯುಸಿ ಲ್ಯಾಬ್ ನೆನಪಿದೆಯಾ? ಮೈಲುತುತ್ತದ ತಿಳಿನೀಲಿ ದ್ರಾವಣಕ್ಕೆ ಅಮೋನಿಯಾ ಹನಿಸಿದರೆ ಮೊದಲು ಮಸುಕಾದ ಗಸಿ ಬರುತ್ತೆ. ಇನ್ನಷ್ಟು ಹನಿಸಿದರೆ ಗಸಿ ಕರಗಿ ಗಾಢ ನೀಲಿ. ರೆಕಾರ್ಡ್‌ನಲ್ಲಿ ತಾಮ್ರ ಇದೆ ಅಂತ ಬರೆದು ಕೈತೊಳೆದುಕೊಂಡವರಲ್ಲಿ ನಾನೂ ಒಬ್ಬ. ನಿಜಕ್ಕೂ ಅಲ್ಲಿ ಆಗಿದ್ದು ಜಾಗದ ಬದಲಾವಣೆ. ತಾಮ್ರವನ್ನು ಸುತ್ತುವರಿದಿದ್ದ ನೀರಿನ ಅಣುಗಳನ್ನು ಸರಿಸಿ ಅಮೋನಿಯಾ ಬಂದು ಕೂತಿತ್ತು. ಲೋಹದ ಸುತ್ತ ಹೀಗೆ ಎಣಿಸಿಟ್ಟ ಜಾಗಗಳಿವೆ ಅಂತ ಹೇಳಿದವರು ಆಲ್ಫ್ರೆಡ್ ವರ್ನರ್.

ಹುಟ್ಟಿದ್ದು 1866ರಲ್ಲಿ, ಅಲ್ಸೇಸ್‌ನ ಮುಲೂಸ್‌ನಲ್ಲಿ. ಬಾಲ್ಯದಲ್ಲೇ ಊರು ಫ್ರಾನ್ಸ್‌ನಿಂದ ಜರ್ಮನಿಯ ಪಾಲಾಯಿತು. ಓದಿದ್ದು ಜ್ಯೂರಿಕ್‌ನಲ್ಲಿ. ಅಲ್ಲಿ ಗಣಿತದಲ್ಲೂ, ನಮ್ಮ ಇಂಜಿನಿಯರಿಂಗ್ ಡ್ರಾಯಿಂಗ್‌ನ ಅಜ್ಜನಂತಿದ್ದ ಜ್ಯಾಮಿತಿಯಲ್ಲೂ ಫೇಲ್! ಆದರೆ ಅಣುಗಳನ್ನು ಮೂರು ಆಯಾಮದಲ್ಲಿ ಕಾಣೋ ಕಣ್ಣು ಮಾತ್ರ ಅವರಷ್ಟು ಯಾರಿಗೂ ಇರಲಿಲ್ಲ.

ಆ ಕಾಲದ ಒಗಟು ಕೋಬಾಲ್ಟ್. ಕೋಬಾಲ್ಟ್ ಕ್ಲೋರೈಡ್ ಜೊತೆ 6 ಅಮೋನಿಯಾ ಸೇರಿದರೆ ಹಳದಿ, 5 ಸೇರಿದರೆ ಕೆನ್ನೇರಳೆ, 4 ಸೇರಿದರೆ ಹಸಿರು. ಅಮೋನಿಯಾಗಳು ರೈಲು ಬೋಗಿಗಳ ಹಾಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ ಅನ್ನೋದು ಕೋಪನ್‌ಹೇಗನ್‌ನ ಯೋರ್ಗೆನ್ಸನ್ ಎತ್ತಿಹಿಡಿದಿದ್ದ ವಾದ. ಒಂದು ರಾತ್ರಿ 2 ಗಂಟೆಗೆ ವರ್ನರ್ ಎಚ್ಚರಗೊಂಡರಂತೆ, ಮರುದಿನ ಸಂಜೆ 5ರವರೆಗೆ ಬರೆದರಂತೆ. 1893ರಲ್ಲಿ ಅದು ಅಚ್ಚಾದಾಗ ವಯಸ್ಸು 26. ಲೋಹ ನಡುವೆ, ಸುತ್ತ ಅಷ್ಟಮುಖಿಯ 6 ಮೂಲೆ, ಪ್ರತಿ ಮೂಲೆಯಲ್ಲೂ ಒಬ್ಬ ಅತಿಥಿ. ಈ ಅತಿಥಿಗಳನ್ನೇ ಇವತ್ತು ಲಿಗ್ಯಾಂಡ್ ಅಂತೀವಿ. ಒಂದು ಅಮೋನಿಯಾ ಎದ್ದು ಕ್ಲೋರಿನ್ ಕೂತರೆ ಹಳದಿ ಹೋಗಿ ಕೆನ್ನೇರಳೆ. ಸಿಲ್ವರ್ ನೈಟ್ರೇಟ್ ಹಾಕಿದರೆ ಹಳದಿಯಲ್ಲಿ 3 ಕ್ಲೋರಿನ್‌ಗಳೂ ಗಸಿಯಾಗುತ್ತವೆ, ಕೆನ್ನೇರಳೆಯಲ್ಲಿ 2, ಹಸಿರಿನಲ್ಲಿ 1 ಮಾತ್ರ. ಉಳಿದವು ಲೋಹಕ್ಕೆ ಅಂಟಿಕೊಂಡಿವೆ.

ತಮಾಷೆ ಏನಂದ್ರೆ ಆಗ ವರ್ನರ್ ಈ ವಿಷಯದಲ್ಲಿ ಪ್ರಯೋಗ ಮಾಡಿದವರೇ ಅಲ್ಲ. ಆಧಾರಗಳಲ್ಲಿ ಬಹುಪಾಲು ಎದುರಾಳಿ ಯೋರ್ಗೆನ್ಸನ್ ವರ್ಷಗಟ್ಟಲೆ ಬೆವರು ಸುರಿಸಿ ತಯಾರಿಸಿದ ಲವಣಗಳು. ಹೀಗಾಗಿ ಹಳಬರಿಗೆ ಅನುಮಾನ ಬಂದಿದ್ದರಲ್ಲಿ ತಪ್ಪೇನಿಲ್ಲ.

ಆದರೆ ಅಷ್ಟಮುಖಿಯೇ ಒಂದು ಪಂದ್ಯ ಒಡ್ಡಿತ್ತು. 4 ಅಮೋನಿಯಾ, 2 ಕ್ಲೋರಿನ್ ಇದ್ದರೆ ಕ್ಲೋರಿನ್‌ಗಳು ಎದುರುಬದುರು ಕೂರಬಹುದು, ಇಲ್ಲಾ ಅಕ್ಕಪಕ್ಕ. ಹಾಗಾದರೆ ಅದೇ ಸೂತ್ರದ ಎರಡನೇ ಲವಣ ಇರಲೇಬೇಕು. ಹಸಿರೊಂದೇ ಗೊತ್ತಿತ್ತು, ಇನ್ನೊಂದು ಎಲ್ಲಿ? ಯೋರ್ಗೆನ್ಸನ್ ಬಿಡದೆ ಕೇಳುತ್ತಿದ್ದುದು ಇದನ್ನೇ. ಅದು ಸಿಗದಿದ್ದರೆ ಇಡೀ ಸಿದ್ಧಾಂತ ಬೀಳುತ್ತಿತ್ತು. 1907ರಲ್ಲಿ ಕೊನೆಗೂ ವರ್ನರ್ ಕೈಗೆ ಅದು ಬಂತು. ನೇರಳೆ ಬಣ್ಣ! ಯೋರ್ಗೆನ್ಸನ್ ಸೋಲು ಒಪ್ಪಿಕೊಂಡರು. ಬದುಕಿಡೀ ನಂಬಿದ್ದನ್ನು ಹಾಗೆ ಬಿಟ್ಟುಕೊಟ್ಟ ಆ ಡೇನ್ ಬಗ್ಗೆ ನನಗೆ ವರ್ನರ್‌ಗಿಂತ ಒಂದು ತೂಕ ಹೆಚ್ಚೇ ಗೌರವ.

1911ರಲ್ಲಿ ವಿದ್ಯಾರ್ಥಿ ವಿಕ್ಟರ್ ಕಿಂಗ್ ಜೊತೆ ಸೇರಿ, ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿ ಬಿಂಬವಾದ ಕೋಬಾಲ್ಟ್ ರೂಪಗಳನ್ನೂ ವರ್ನರ್ ಬೇರ್ಪಡಿಸಿದರು. 1913ರಲ್ಲಿ ನೊಬೆಲ್ ಬಂತು. ಆರೇ ವರ್ಷ, ರಕ್ತನಾಳ ಗಡುಸಾಗುವ ಕಾಯಿಲೆ ಮೆದುಳನ್ನು ಹಿಡಿದು, 1919ರ ನವೆಂಬರ್ 15ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು. ಆಗಿನ್ನೂ 52.