ಕಾರಿಗೆ ಬ್ಯಾಟರಿಯ ಬಲ ನೀಡಿದ ಕೆಟರಿಂಗ್

ಕೀಲಿ ತಿರುಗಿಸಿದೊಡನೆ ಕಾರಿನ ಎಂಜಿನ್ ಚಾಲೂ ಆಗುವುದು ಇಂದು ಯಾರಿಗೂ ಸೋಜಿಗವೆನಿಸದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಈ ಕೆಲಸಕ್ಕೆ ತೋಳ್ಬಲ ಬೇಕಿತ್ತು. ಕಾರಿನ ಮುಂಭಾಗಕ್ಕೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸುವಾಗ ಎಂಜಿನ್ ಹಿಮ್ಮುಖವಾಗಿ ಒದ್ದರೆ ಕೈಮೂಳೆ ಮುರಿಯುತ್ತಿತ್ತು. ಈ ಅಪಾಯವನ್ನು ನಿವಾರಿಸಿ, ಬ್ಯಾಟರಿಯನ್ನು ಕಾರಿನ ಅನಿವಾರ್ಯ ಅಂಗವನ್ನಾಗಿಸಿದ ಕೀರ್ತಿ ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ಅವರಿಗೆ ಸಲ್ಲುತ್ತದೆ. ಅವರ ಸಾಧನೆಯನ್ನು ಅರಿತರೆ ನಮ್ಮ ಕಾರಿನ ಬ್ಯಾಟರಿ ಏಕೆ ಕೈಕೊಡುತ್ತದೆ ಎಂಬುದೂ ತಿಳಿಯುತ್ತದೆ.

ದೃಷ್ಟಿದೋಷ ಮೆಟ್ಟಿ ನಿಂತ ವಿದ್ಯಾರ್ಥಿ

ಕೆಟರಿಂಗ್ ಜನಿಸಿದ್ದು 1876ರ ಆಗಸ್ಟ್ 29ರಂದು, ಒಹಾಯೊ ರಾಜ್ಯದ ಲೌಡನ್‌ವಿಲ್ ಬಳಿಯ ರೈತ ಕುಟುಂಬದಲ್ಲಿ. ಬಾಲ್ಯದಿಂದಲೇ ಕಣ್ಣಿನ ತೊಂದರೆ ಅವರನ್ನು ಕಾಡಿತು. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿ, ಬಳಿಕ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರೂ ಕಣ್ಣಿನ ಬೇನೆಯಿಂದ ಓದನ್ನು ನಡುವೆಯೇ ಬಿಡಬೇಕಾಯಿತು. ಆಗ ದೂರವಾಣಿ ತಂತಿ ಎಳೆಯುವ ತಂಡದಲ್ಲಿ ದುಡಿದರು. ಮರಳಿ ತರಗತಿಗೆ ಬಂದಾಗ ಸಹಪಾಠಿಗಳು ಪಠ್ಯಗಳನ್ನು ಓದಿ ಹೇಳಿ ನೆರವಾದರು. 1904ರಲ್ಲಿ ಅವರು ವಿದ್ಯುತ್ ಎಂಜಿನಿಯರಿಂಗ್ ಪದವೀಧರರಾದರು.

ಅದೇ ವರ್ಷ ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪೆನಿ ಸೇರಿದ ಅವರು, ಕೈಯಿಂದ ತಿರುಗಿಸಬೇಕಿದ್ದ ಅಂಗಡಿಯ ಹಣದ ಯಂತ್ರಕ್ಕೆ ಪುಟ್ಟ ವಿದ್ಯುತ್ ಮೋಟಾರ್ ಜೋಡಿಸಿದರು. ಕ್ಷಣಕಾಲ ಮಾತ್ರ ದುಡಿಯುವುದಾದರೆ ಚಿಕ್ಕ ಮೋಟಾರ್ ಕೂಡ ತನ್ನ ಶಕ್ತಿ ಮೀರಿದ ಭಾರ ಹೊರಬಲ್ಲದು ಎಂಬ ಅರಿವು ಅವರಿಗೆ ಮೂಡಿದ್ದು ಇಲ್ಲಿಯೇ.

ಹ್ಯಾಂಡಲ್‌ಗೆ ವಿದಾಯ

1909ರಲ್ಲಿ ಎಡ್ವರ್ಡ್ ಡೀಡ್ಸ್ ಜೊತೆಗೂಡಿ ಕೆಟರಿಂಗ್ ಡೆಲ್ಕೊ ಸಂಸ್ಥೆ ಸ್ಥಾಪಿಸಿದರು. ಇದರ ಹಿಂದಿನ ವರ್ಷವಷ್ಟೇ ಕಾರು ತಯಾರಕ ಬೈರನ್ ಕಾರ್ಟರ್ ಮೃತಪಟ್ಟಿದ್ದರು. ದಾರಿಯಲ್ಲಿ ನಿಂತುಹೋದ ಮಹಿಳೆಯೊಬ್ಬರ ಕಾರನ್ನು ಚಾಲೂ ಮಾಡಲು ಹೋದಾಗ ಹ್ಯಾಂಡಲ್ ಅವರ ದವಡೆಗೆ ಬಡಿಯಿತೆಂದೂ, ಈ ಸಾವಿನಿಂದ ನೊಂದ ಕ್ಯಾಡಿಲಾಕ್ ಕಂಪೆನಿಯ ಮುಖ್ಯಸ್ಥ ಹೆನ್ರಿ ಲೆಲ್ಯಾಂಡ್ ಹ್ಯಾಂಡಲ್ ಇಲ್ಲದ ಕಾರಿಗಾಗಿ ಪಣ ತೊಟ್ಟರೆಂದೂ ಹೇಳಲಾಗುತ್ತದೆ.

ಎಂಜಿನ್ ತಿರುಗಿಸಲು ಭಾರಿ ಮೋಟಾರ್ ಬೇಕು, ಅದನ್ನು ಕಾರಿನಲ್ಲಿ ಇಡುವುದು ಅಸಾಧ್ಯ ಎಂಬುದು ಆಗಿನ ಸಾಮಾನ್ಯ ಅಭಿಪ್ರಾಯವಾಗಿತ್ತು. ಕೆಟರಿಂಗ್ ತಮ್ಮ ಹಳೆಯ ಅನುಭವವನ್ನೇ ಬಳಸಿಕೊಂಡರು. ಕೆಲವೇ ಸೆಕೆಂಡು ದುಡಿಯುವ ಚಿಕ್ಕ ಮೋಟಾರ್, ಅದಕ್ಕೆ ಬಲ ತುಂಬಲು ಬ್ಯಾಟರಿ. ಎಂಜಿನ್ ಓಡತೊಡಗಿದ ಮೇಲೆ ಅದೇ ಯಂತ್ರ ವಿದ್ಯುತ್ ಉತ್ಪಾದಿಸಿ, ಬ್ಯಾಟರಿ ಕಳೆದುಕೊಂಡ ಶಕ್ತಿಯನ್ನು ಮರಳಿ ತುಂಬುವ ವ್ಯವಸ್ಥೆ. 1911ರಲ್ಲಿ ಸಿದ್ಧವಾದ ಈ ಏರ್ಪಾಡು 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಮಾರುಕಟ್ಟೆಗೆ ಬಂದಿತು. ತೋಳ್ಬಲವಿಲ್ಲದವರೂ ನಿರಾತಂಕವಾಗಿ ಕಾರು ಓಡಿಸುವಂತಾಯಿತು.

ಸಾಲ ತೀರಿಸದಿದ್ದರೆ ಸೋಲು

ಬ್ಯಾಟರಿಯ ಪಾಲನೆಯ ಗುಟ್ಟೂ ಇಲ್ಲಿಯೇ ಅಡಗಿದೆ. ಫ್ರಾನ್ಸ್‌ನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯೇ ಇಂದಿಗೂ ಬಹುಪಾಲು ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿದೆ. ಪ್ರತಿ ಬಾರಿ ಎಂಜಿನ್ ಚಾಲೂ ಮಾಡಿದಾಗಲೂ ನಾವು ಅದರಿಂದ ಸಾಲ ಪಡೆಯುತ್ತೇವೆ. ಕಾರು ಸಾಕಷ್ಟು ದೂರ ಓಡಿದರೆ ಮಾತ್ರ ಆ ಸಾಲ ತೀರುತ್ತದೆ. ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡಿಸುವುದು ಅಥವಾ ವಾರಗಟ್ಟಲೆ ನಿಲ್ಲಿಸಿಬಿಡುವುದು ಬ್ಯಾಟರಿಗೆ ಮಾರಕ. ಶಕ್ತಿ ಕುಂದಿದ ಸ್ಥಿತಿಯಲ್ಲೇ ಬಹುಕಾಲ ಉಳಿದರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು, ಮತ್ತೆ ಚಾರ್ಜ್ ಆಗುವ ಗುಣವೇ ನಶಿಸುತ್ತದೆ.

ಕಾರು ಕೆಲವು ಗಂಟೆ ನಿಂತಿದ್ದಾಗ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಪೂರ್ಣ ಚಾರ್ಜ್ ಆಗಿದೆ ಎಂದರ್ಥ. 12.2ರ ಆಸುಪಾಸಿಗೆ ಇಳಿದರೆ ಅರ್ಧ ಬರಿದಾಗಿದೆ. ಎಂಜಿನ್ ಓಡುವಾಗಲೂ ವೋಲ್ಟ್ ಏರದಿದ್ದರೆ ದೋಷ ಆಲ್ಟರ್ನೇಟರ್‌ನಲ್ಲೋ ವೈರಿಂಗ್‌ನಲ್ಲೋ ಇರಬಹುದು. ಅದನ್ನು ಪರೀಕ್ಷಿಸದೆ ಹೊಸ ಬ್ಯಾಟರಿ ಕೊಂಡರೆ ಹಣ ವ್ಯರ್ಥ. ಮುಚ್ಚಳ ತೆರೆಯಬಹುದಾದ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಸೇರಿಸಬೇಕು, ನಲ್ಲಿ ನೀರು ಸಲ್ಲದು. ಬೇಸಿಗೆಯ ತಾಪ ಹೆಚ್ಚಿದಂತೆ ಬ್ಯಾಟರಿಯ ಆಯಸ್ಸು ಕಡಿಮೆಯಾಗುತ್ತದೆ ಎಂಬುದನ್ನೂ ಮರೆಯಬಾರದು.

ಬದಲಾಯಿಸುವಾಗ ಎಂಜಿನ್ ನಿಲ್ಲಿಸಿ, ಮೈನಸ್ ತಂತಿಯನ್ನು ಮೊದಲು ಬಿಚ್ಚಬೇಕು. ಜೋಡಿಸುವಾಗ ಅದನ್ನು ಕೊನೆಗೆ ಬಿಗಿಯಬೇಕು. ಇಂದಿನ ಕಾರುಗಳಲ್ಲಿ ಮೈನಸ್ ತಂತಿ ಕಾರಿನ ಲೋಹದ ಮೈಗೆ ಸೇರಿರುವುದರಿಂದ, ಈ ಕ್ರಮ ತಪ್ಪಿದರೆ ಸ್ಪ್ಯಾನರ್ ತಗುಲಿ ಕಿಡಿ ಹಾರುವ ಅಪಾಯವಿದೆ. ಬ್ಯಾಟರಿಯಿಂದ ಹೊಮ್ಮುವ ಜಲಜನಕಕ್ಕೆ ಒಂದು ಕಿಡಿಯೇ ಸಾಕು.

ಸೀಸದ ಎರಡು ಮುಖ

ಕೆಟರಿಂಗ್ ಬದುಕಿಗೆ ಕಪ್ಪು ಮುಖವೂ ಇದೆ. 1920ರಿಂದ 1947ರವರೆಗೆ ಅವರು ಜನರಲ್ ಮೋಟಾರ್ಸ್‌ನ ಸಂಶೋಧನಾ ವಿಭಾಗವನ್ನು ಮುನ್ನಡೆಸಿದರು. ಅವರ ಕೈಕೆಳಗಿನ ಥಾಮಸ್ ಮಿಜ್ಲಿ 1921ರಲ್ಲಿ ಎಂಜಿನ್ನಿನ ಬಡಿತ ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ವಿಧಾನ ಕಂಡುಕೊಂಡರು. 1924ರಲ್ಲಿ ನ್ಯೂಜೆರ್ಸಿಯ ಘಟಕದಲ್ಲಿ ಅದರ ವಿಷಕ್ಕೆ ಕಾರ್ಮಿಕರು ಬಲಿಯಾದರೂ ಬಳಕೆ ನಿಲ್ಲಲಿಲ್ಲ. ದಶಕಗಳ ಕಾಲ ಆ ಸೀಸ ಜಗತ್ತಿನ ಮಕ್ಕಳ ರಕ್ತ ಸೇರಿತು. ಭಾರತದಲ್ಲಿ ಸೀಸಯುಕ್ತ ಪೆಟ್ರೋಲ್ ನಿಂತಿದ್ದು 2000ರಲ್ಲಿ, ಜಗತ್ತಿನಲ್ಲಿ ಕಾರುಗಳಿಗೆ ಅದರ ಮಾರಾಟ ಪೂರ್ಣವಾಗಿ ಕೊನೆಗೊಂಡಿದ್ದು 2021ರಲ್ಲಿ.

ಬ್ಯಾಟರಿಯೊಳಗಿನ ಸೀಸ ಹಾಗಲ್ಲ. ಸರಿಯಾಗಿ ಹಿಂದಿರುಗಿಸಿದರೆ ಅದು ಮತ್ತೆ ಹೊಸ ಬ್ಯಾಟರಿಯಾಗುತ್ತದೆ. ಗುಜರಿ ಸೇರಿ, ಬಯಲಿನಲ್ಲಿ ಕರಗಿಸಲ್ಪಟ್ಟರೆ ಮಾತ್ರ ನೆಲ, ನೀರು, ಗಾಳಿಗೆ ವಿಷವಾಗುತ್ತದೆ. ಆದ್ದರಿಂದಲೇ ಭಾರತದಲ್ಲಿ 2001ರಲ್ಲಿ ನಿಯಮ ಬಂದಿತು, 2022ರಲ್ಲಿ ಅದರ ಸ್ಥಾನದಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಯಾದವು. ಹಳೆಯದನ್ನು ಮಾರಾಟಗಾರರಿಗೇ ಒಪ್ಪಿಸಿ, ಬೆಲೆಯಲ್ಲಿ ರಿಯಾಯಿತಿ ಪಡೆದು ಹೊಸದನ್ನು ಕೊಳ್ಳುವುದು ಎಲ್ಲ ರೀತಿಯಿಂದಲೂ ಲೇಸು.

180ಕ್ಕೂ ಹೆಚ್ಚು ಪೇಟೆಂಟ್‌ಗಳನ್ನು ಪಡೆದಿದ್ದ ಕೆಟರಿಂಗ್ 1958ರ ನವೆಂಬರ್ 25ರಂದು ತಮ್ಮ 82ನೇ ವಯಸ್ಸಿನಲ್ಲಿ ನಿಧನರಾದರು. ನ್ಯೂಯಾರ್ಕಿನ ಹೆಸರಾಂತ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಅವರು ಬಿಟ್ಟುಹೋದ ಅನುಕೂಲ ನಮಗೆ ಕೀಲಿಯ ಒಂದು ತಿರುವಿನಲ್ಲಿ ದಕ್ಕುತ್ತಿದೆ. ಅದರ ಸೀಸ ಮಣ್ಣು ಸೇರದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಕಾರು ಇಟ್ಟುಕೊಂಡ ಪ್ರತಿಯೊಬ್ಬರದು.