ಲೂಸಿ ವಿಲ್ಸ್ ಅಮ್ಮನವರು

ಇಂಗ್ಲೆಂಡಿನಲ್ಲಿ 1888ನೆಯ ಇಸವಿಯಲ್ಲಿ ಹುಟ್ಟಿದ ಲೂಸಿ ವಿಲ್ಸ್ ಅಮ್ಮನವರು ವೈದ್ಯಶಾಸ್ತ್ರವನ್ನು ಕಲಿತು 1928ರಲ್ಲಿ ಬೊಂಬಾಯಿಗೆ ಬಂದರು. ಅಲ್ಲಿಯ ಬಟ್ಟೆಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರು ರಕ್ತವು ಕುಂದಿ ಬಿಳಿಚಿಕೊಂಡು ಸಾಯುತ್ತಿದ್ದರು. ಅಮ್ಮನವರು ಅವರ ಊಟವನ್ನು ವಿಚಾರಿಸಲು, ಸೊಪ್ಪು ಹಣ್ಣುಗಳು ಅದರಲ್ಲಿ ಬಹು ಕಡಮೆಯೆಂದು ಕಂಡರು. ಬಳಿಕ ಮಾರ್ಮೈಟೆಂಬ ಈಸ್ಟಿನ ಸಾರವನ್ನು ಕೊಟ್ಟು ನೋಡಿದರು, ರೋಗಿಗಳು ಚೇತರಿಸಿಕೊಂಡರು. ಇದು ದುಬಾರಿ ಔಷಧವಲ್ಲ, ಇಂಗ್ಲಿಷರು ರೊಟ್ಟಿಗೆ ಸವರಿ ತಿನ್ನುವ ಪದಾರ್ಥವೆಂಬುದು ನಮಗೆ ಬಹಳ ಮೆಚ್ಚಿಕೆಯಾಗಿದೆ. ಈ ಸಂಗತಿಯನ್ನು ಅವರು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿ ಅಡಗಿದ್ದ ಸತ್ತ್ವವನ್ನು 1941ರಲ್ಲಿ ಬೇರೆ ಪಂಡಿತರು ಪಾಲಕ್ ಸೊಪ್ಪಿನಿಂದ ತೆಗೆದು ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಅಮ್ಮನವರು 1964ರಲ್ಲಿ ತೀರಿಕೊಂಡರು.

ತಾಯಿಯ ರಕ್ತ ಕುಂದಿದರೆ ಕೂಸು 2500 ಗ್ರಾಮಿಗಿಂತ ಕಡಮೆ ತೂಕದ್ದಾಗಿ ಹುಟ್ಟುವ ಭಯವು ಹೆಚ್ಚು. ಆದಕಾರಣ ಈಗ ನಮ್ಮ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರಿಗೆ ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿವಸ ಕೊಡುವ ಕಬ್ಬಿಣದ ಮಾತ್ರೆಯಲ್ಲಿ 500 ಮೈಕ್ರೊಗ್ರಾಮ್ ಫೋಲಿಕ್ ಆಮ್ಲವೂ ಸೇರಿರುತ್ತದೆ.