ಬರ್ತಾ ಬೆಂಜ್ ತವರಿಗೆ ಹೋದದ್ದು

ಇಂದು ಕಾರನ್ನು ಏರುವವನಿಗೆ ಅದರ ಹೊಟ್ಟೆಯೊಳಗೆ ಏನಿದೆಯೆಂಬ ಚಿಂತೆಯಿಲ್ಲ. ಈ ನಿಶ್ಚಿಂತೆ ಜಗತ್ತಿಗೆ ಒದಗುವ ಮುನ್ನ, ಗಾಡಿಯ ಕುಂದುಗಳನ್ನು ನಡುದಾರಿಯಲ್ಲಿ ಕಂಡು ಅಲ್ಲಿಯೇ ಸರಿಪಡಿಸಿಕೊಂಡ ಮಹಿಳೆಯೊಬ್ಬಳಿದ್ದಳು.

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಫೋರ್ಟ್ಸ್‌ಹೈಮ್ ಪಟ್ಟಣದ ಅನುಕೂಲಸ್ಥ ಮನೆಯಲ್ಲಿ. ಕಾರ್ಲ್ ಬೆಂಜ್ ಎಂಬ ಬಡ ಯಂತ್ರಶಿಲ್ಪಿಯೊಡನೆ ನಿಶ್ಚಿತಾರ್ಥವಾಗಿದ್ದಾಗಲೇ, ಅವನ ಕಾರ್ಖಾನೆಯನ್ನು ಉಳಿಸಲು ತನ್ನ ವರದಕ್ಷಿಣೆಯ ಹಣವನ್ನು ಮುಂಗಡವಾಗಿ ತರಿಸಿಕೊಟ್ಟಳು. 1872ರಲ್ಲಿ ಮದುವೆಯಾಯಿತು. 1886ರಲ್ಲಿ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟು ದೊರೆಯಿತು. ಪತ್ರದಲ್ಲಿ ಬರ್ತಾಳ ಹೆಸರಿರಲಿಲ್ಲ. ಆದರೆ ಕುದುರೆಯಿಲ್ಲದ ಗಾಡಿಯನ್ನು ಜನ ನಂಬಲಿಲ್ಲ, ಕೊಳ್ಳುವವರು ಬರಲಿಲ್ಲ. ಕಾರ್ಲನೋ, ಇನ್ನೂ ತಿದ್ದಬೇಕು, ಇನ್ನೂ ತಿದ್ದಬೇಕು ಎನ್ನುವ ಸ್ವಭಾವದವನು. ಗಾಡಿ ಕೊಟ್ಟಿಗೆಯಲ್ಲೇ ಉಳಿದರೆ ಸಂಸಾರದ ಗತಿಯೇನು?

1888ರ ಆಗಸ್ಟಿನ ಒಂದು ಮುಂಜಾನೆ, ಗಂಡನಿಗೆ ಹೇಳದೆ, ಹದಿಹರೆಯದ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಆಕೆ ಮ್ಯಾನ್‌ಹೈಮಿನಿಂದ ತವರೂರಿಗೆ ಹೊರಟಳು. ದಾರಿ ಸುಮಾರು 100 ಕಿಲೋಮೀಟರು. ತವರಿಗೆ ಹೋಗುವ ನೆಪವನ್ನು ಯಾವ ದೇಶದ ಗಂಡನೂ ಆಕ್ಷೇಪಿಸಲಾರನಷ್ಟೆ!

ಇಂದು ಊರೂರಿಗೂ ಪೆಟ್ರೋಲು ಬಂಕುಗಳಿವೆ. ಬರ್ತಾ ವೀಸ್ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ, ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ಇಂಧನವಾಗಿ ತುಂಬಿಸಿದಳು. ಈಗಿನ ಕಾರುಗಳಲ್ಲಿ ತಂಪುಗೊಳಿಸುವ ನೀರು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತದೆ. ಆ ಗಾಡಿಯಲ್ಲಿ ಅದು ಆವಿಯಾಗಿ ಹೋಗುತ್ತಿದ್ದುದರಿಂದ ದಾರಿಯುದ್ದಕ್ಕೂ ನೀರು ಹುಡುಕಬೇಕಾಯಿತು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳೆಂದು ಹೇಳುತ್ತಾರೆ. ಇಳಿಜಾರಿನಲ್ಲಿ ಮರದ ಬ್ರೇಕು ಸವೆಯಿತು. ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲು ಹೊಡೆಸಿದಳು. ಇಂದಿನ ಕಾರಿನ ಬ್ರೇಕಿಗೂ ಸವೆದಾಗ ಬದಲಿಸುವ ಹೊದಿಕೆಯೊಂದಿದೆ. ವಸ್ತು ಬೇರೆ, ಉಪಾಯ ಅದೇ. ಏರಿನಲ್ಲಂತೂ ಗಾಡಿ ಸೋತಿತು. 1886ರ ಮೊದಲ ಗಾಡಿಗಿದ್ದುದು ಮುಕ್ಕಾಲು ಅಶ್ವಶಕ್ತಿ. ಈಕೆಯದು ಅದಕ್ಕಿಂತ ಸುಧಾರಿಸಿದ ಮಾದರಿಯಾದರೂ ಮಕ್ಕಳು ಇಳಿದು ನೂಕಬೇಕಾಯಿತು. ಇಂದು ಸಣ್ಣ ಕಾರುಗಳಲ್ಲಿಯೂ 60ಕ್ಕೂ ಮಿಕ್ಕಿದ ಅಶ್ವಶಕ್ತಿ ಸಾಮಾನ್ಯ.

ಸಂಜೆ ಫೋರ್ಟ್ಸ್‌ಹೈಮ್ ಸೇರಿ ಗಂಡನಿಗೆ ತಂತಿ ಕಳುಹಿಸಿದಳು. ಕೆಲವು ದಿನಗಳಲ್ಲಿ ಅದೇ ಗಾಡಿಯಲ್ಲಿ ಹಿಂತಿರುಗಿ, ಏರು ಹತ್ತಲು ಇನ್ನೊಂದು ಗೇರು ಬೇಕೆಂದು ತಿಳಿಸಿದಳು. ಕಾರ್ಲ್ ಅದನ್ನು ಜೋಡಿಸಿದನು. ಅವನು 1929ರಲ್ಲಿ ತೀರಿಕೊಂಡನು. ಬರ್ತಾ 1944ರ ಮೇ 5ರಂದು, 95 ತುಂಬಿದ ಎರಡೇ ದಿನಗಳಲ್ಲಿ, ಲಾಡೆನ್‌ಬುರ್ಗಿನ ಮನೆಯಲ್ಲಿ ಕಣ್ಣುಮುಚ್ಚಿದಳು.